ಕಸ್ತೂರಿ ಟೀಚರ್ ಇಡಿಸಿದ ಚುಕ್ಕಿಗಳು

ಕಸ್ತೂರಿ ಟೀಚರ್ ತರಗತಿಯಲ್ಲಿ ಮಾತಾಡಿದ್ದಕ್ಕಿಂತ ಸುಮ್ಮನೆ ನಿಂತದ್ದೇ ಹೆಚ್ಚು. ಕವಿತೆಯನ್ನು ಮೂರು ಸಲ ಓದುವರು. ಆಮೇಲೆ ಕಿಟಕಿಗೆ ಬೆನ್ನು ಕೊಟ್ಟು, ಸೆರಗಿನ ತುದಿಯಲ್ಲಿ ಕನ್ನಡಕ ಒರೆಸುತ್ತ ಕಾಯುವರು. ಡೊಂಬಿವಲಿಯ ಆ ಕನ್ನಡ ಶಾಲೆಯಲ್ಲಿ ನಾನು ಇಂಗ್ಲಿಷ್ ಟೀಚರ್, ಜೊತೆಗೆ ಸೂಪರ್‌ವೈಸರ್. ರೌಂಡ್ಸ್ ಹೋಗುವಾಗ ಆ ಮೌನ ಕಂಡು ನನಗೆ ಮೈ ಉರಿಯುತ್ತಿತ್ತು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದೇ ಬೇರೆ: ಪೊಯೆಮ್ ಎಂದರೆ ಸೆಂಟ್ರಲ್ ಐಡಿಯಾ, ಸಮ್ಮರಿ, ನೀಟ್ ಹ್ಯಾಂಡ್‌ರೈಟಿಂಗ್. "ಸ್ವಲ್ಪ ನೋಟ್ಸ್ ಕೊಡಿ ಕಸ್ತೂರಿಯವರೇ," ಎಂದು ಹೇಳಿ ಹೇಳಿ ನನಗೇ ಬೇಸರ ಬಂದಿತ್ತು.

"ಅರ್ಥ ಆಮ್ಯಾಲೆ ನೋಡೂಣು," ಎನ್ನುವರು ಧಾರವಾಡ ಕಡೆಯ ಕಸ್ತೂರಿ ಮಕ್ಕಳಿಗೆ. "ಓದಕೋತ ಮನಸ್ಸು ಎಲ್ಲಿ ತಡೀತು, ಆ ಸಾಲಿನ ಬಾಜೂಕ ಪೆನ್ಸಿಲ್‌ಲೆ ಒಂದು ಚುಕ್ಕಿ ಇಡ್ರಿ. ಯಾಕ ತಡೀತು ಹೇಳ್ರಿ. ಹಿಂದಿಯೊಳಗ ಹೇಳಿದ್ರೂ ನಡೀತದ."

ಒಮ್ಮೆ ಒಂಬತ್ತನೇ ಕ್ಲಾಸಿನವರಿಗೆ ಯಾವುದೋ ಪತ್ರಿಕೆಯ ಹೊಸ ಕವಿತೆ ಬರೆಸಿದ್ದರು. ಒಬ್ಬ ಹೆಂಗಸು ತನ್ನ ಸ್ಟೇಶನ್ ಬಂದರೂ ಲೋಕಲ್ ಟ್ರೇನಿನಿಂದ ಇಳಿಯುವುದಿಲ್ಲ, ಅಷ್ಟೇ ಕವಿತೆ. ಹೋಟೆಲ್ ಅಡುಗೆಯವರ ಮಗಳು ದೀಕ್ಷಾ, ವರ್ಷವಿಡೀ ಬಾಯಿ ಬಿಡದವಳು, ಎದ್ದು ನಿಂತಳು. ನಾನು ಬಾಗಿಲಲ್ಲಿದ್ದೆ.

"ಅವಳಿಗೆ ನಿದ್ದೆ ಬಂದದ್ದಲ್ಲ ಟೀಚರ್. ಜಾನ್‌ಬೂಝ್‌ಕೇ, ಬೇಕಂತಲೇ ಕೂತದ್ದು. ನನ್ನ ಅಮ್ಮನೂ ಒಮ್ಮೆ ಹಾಗೇ ನಮ್ಮ ಸ್ಟೇಶನ್ ದಾಟಿ ಅಂಬರ್‌ನಾಥ್ ತನಕ ಹೋಗಿದ್ರು."

"ಟೀಸೀ ನೇ ಪಕ್ಡಾ ಕ್ಯಾ?" ಹಿಂದಿನ ಬೆಂಚು ನಕ್ಕಿತು.

"ಟೀಸೀ ಹಿಡದ್ರ ನಿನ್ನ ಕರೀತೀವಿ, ಸುಮ್ಮನ ಕೂಡು," ಎಂದರು ಕಸ್ತೂರಿ. "ನೀ ಹೇಳವಾ. ತಿರುಗಿ ಬಂದು ಏನಂದ್ರು?"

"ಏನಿಲ್ಲ. ಚಪಾತಿ ಮಾಡಿದ್ರು."

ಆಮೇಲೆ ಯಾರೂ ನಗಲಿಲ್ಲ.

ಮುಂದಿನ ವಾರ ತಂಗಿಯ ಆಪರೇಶನ್ ಎಂದು ಕಸ್ತೂರಿ ಊರಿಗೆ ಹೋದರು. ಅವರ ಪೀರಿಯಡ್ ನನಗೆ ಬಂತು. ಇನ್‌ಸ್ಪೆಕ್ಷನ್ ಹತ್ತಿರವಿತ್ತು, ಪುಸ್ತಕಗಳ ತುಂಬ ಚುಕ್ಕಿ, ಗೀಟು, ಅಡ್ಡಾದಿಡ್ಡಿ ಅಕ್ಷರ. "ವಾಟ್ ಇಸ್ ದಿಸ್ ಮೆಸ್? ಎಲ್ಲರೂ ರಬ್ಬರ್ ತೆಗೀರಿ!" ಎಂದೆ. ಬೋರ್ಡಿನ ಮೇಲೆ ಬರೆದೆ: 'ಈ ಕವಿತೆಯು ನಗರಜೀವನದ ಏಕಾಂಗಿತನವನ್ನು ಬಿಂಬಿಸುತ್ತದೆ.' ದೀಕ್ಷಾ ಚುಕ್ಕಿಯ ಪಕ್ಕ 'ಅಮ್ಮ' ಎಂದು ಬರೆದುಕೊಂಡಿದ್ದಳು. ರಬ್ಬರ್ ಹಿಡಿದು ಹಾಗೇ ಕೂತಿದ್ದಳು. "ಮನೆ ವಿಷಯ ಆನ್ಸರ್‌ನಲ್ಲಿ ಬರಬಾರದು, ಡಿಯರ್," ಎಂದೆ. ಅಳಿಸಿದಳು.

ಕಸ್ತೂರಿ ಮರಳಿದ ದಿನ ನಾನೂ ರಿಜಿಸ್ಟರ್ ಹಿಡಿದು ಅಲ್ಲೇ ಇದ್ದೆ. ಒಂದೊಂದೇ ಪುಸ್ತಕ ತೆರೆದು ನೋಡಿದರು.

"ಯಾರು ಅಳಿಸಿದ್ರು?"

ಮಕ್ಕಳೆಲ್ಲ ನನ್ನ ಕಡೆ ನೋಡಿದರು. ಹೇಳಲು ಒಂದು ನಿಮಿಷವೂ ಬೇಕಿರಲಿಲ್ಲ. ನಾನು ರಿಜಿಸ್ಟರಿನ ಹಾಳೆ ತಿರುವಿದೆ. ಕೊನೆಗೆ ದೀಕ್ಷಾಳೇ ಎದ್ದಳು. "ನಾವೇ ಟೀಚರ್. ನಮಗೆ ನೋಟ್ಸೇ ಬೇಕು." ನನಗೆ ಹೆದರಿ ಹೇಳಿದಳೋ, ಅಮ್ಮನ ಮಾತು ಮತ್ತೆ ಬರದಿರಲಿ ಎಂದೋ, ತಿಳಿಯದು.

"ಹಂಗಾ?" ಎಂದರು ಕಸ್ತೂರಿ. ಅಂದಿನಿಂದ ಅವರೂ ನೋಟ್ಸ್ ಬರೆಸತೊಡಗಿದರು. ಕಿಟಕಿಗೆ ಬೆನ್ನು ಕೊಟ್ಟು ನಿಂತದ್ದನ್ನು ನಾನು ಮತ್ತೆ ಕಾಣಲಿಲ್ಲ. ಆ ವರ್ಷದ ರಿಮಾರ್ಕಿನಲ್ಲಿ ನಾನೇ 'ಗುಡ್ ಇಂಪ್ರೂವ್‌ಮೆಂಟ್' ಎಂದು ಬರೆದೆ.

ನಿವೃತ್ತಿಯ ಮೇಲೆ ಅವರು ಟಿಟ್ವಾಳಾದಲ್ಲಿ ಮನೆ ಮಾಡಿದರು. ಕಾಯಿಲೆ ಎಂದು ಕೇಳಿ, ಚುಕ್ಕಿ ಅಳಿಸಲು ಹೇಳಿದ್ದು ನಾನೇ ಎಂದು ಈ ಸಲ ಹೇಳಿಯೇ ಬಿಡಬೇಕೆಂದು ಹೋದೆ. ದಿಂಬಿಗೆ ಒರಗಿ ಕೂತು ನನಗೆ ಚಹಾ ತರಿಸಿದರು.

"ಕಸ್ತೂರಿಯವರೇ, ಆ ಒಂಬತ್ತನೇ ಕ್ಲಾಸು..."

"ಅಯ್ಯ, ಅದನ್ಯಾಕ ತಗೀತೀರಿ ಮೇಡಂ? ನೀವು ಹೇಳಿದ್ದ ಖರೇ ಆತು. ಮಕ್ಕಳಿಗೆ ನೋಟ್ಸ್ ಬೇಕಾಗಿತ್ತು. ನಾನ ನನ್ನ ಹುಚ್ಚು ಅವರ ಮ್ಯಾಲೆ ಹೇರಿದ್ದೆ."

ಮಾತು ನಾಲಿಗೆಯ ತುದಿಯಲ್ಲಿತ್ತು. "ಹಾಗೇನಿಲ್ಲ ಬಿಡಿ," ಎಂದು ಬಿಸ್ಕತ್ತು ಚಹಾಕ್ಕೆ ಅದ್ದಿದೆ.

ಎರಡು ತಿಂಗಳಿಗೆ ಅವರು ಹೋದರು. ಸಂತಾಪ ಸಭೆಯಲ್ಲಿ ಹಿರಿಯಳೆಂದು ಮೈಕ್ ನನಗೇ ಕೊಟ್ಟರು. "ಶಿಸ್ತಿನ ಶಿಕ್ಷಕಿ. ಬಹಳ ಚೆನ್ನಾಗಿ ನೋಟ್ಸ್ ಕೊಡುತ್ತಿದ್ದರು," ಎಂದೆ. ಬಂದು ಕೂತಾಗ ಪಕ್ಕದವರು ನನ್ನ ಕೈ ಒತ್ತಿ, "ವೆರಿ ವೆಲ್ ಸ್ಪೋಕನ್, ಮೇಡಂ," ಎಂದರು.