ಚರಿಗಿ ಹಿಡಿದವನ ಸವಾರಿ

ಎರಡು ತಿಂಗಳ ಹೊಟ್ಟೆನೋವಿಗೆ ಹುಮನಾಬಾದಿನ ಡಾಕ್ಟರು, ಕರುಳಿನೊಳಗೆ ದುರ್ಬೀನು ಹಾಕಿ ನೋಡಬೇಕೆಂದರು. "ಇವತ್ತು ಔಡಲ ಎಣ್ಣಿ ಕುಡೀರಿ. ಊಟ ಬ್ಯಾಡ. ಕುಂತ್ರ ಎಣ್ಣೀನೂ ಕುಂಡ್ರತದ, ನಡೀರಿ. ಹೊಟ್ಟ್ಯಾಗ ಒಂದು ತುತ್ತು ಉಳಿದ್ರೂ ನಾಳೆ ವಾಪಸ್ ಕಳಸ್ತೀನಿ."

ನಡೆಯುವುದರಲ್ಲಿ ಬಸವಕಲ್ಯಾಣದಲ್ಲಿ ನನಗೆ ಸರಿಸಮರಿಲ್ಲ. ಕಷ್ಟವೆಂದರೆ, ನಾನು ಹೊರಬಿದ್ದರೆ ಹತ್ತು ಹೆಜ್ಜೆಗೊಬ್ಬರು ಚಹಾಕ್ಕೆ ಕರೆಯುತ್ತಾರೆ. ಒಲ್ಲೆ ಎಂದರೆ ಮುನಿಸು. ಊರಿಗೆ ಬಂದು ಎಣ್ಣೆ ಕುಡಿದು ಹೊರಟರೆ, ಮೊದಲ ಓಣಿಯಲ್ಲೇ ಗೆಳೆಯನೊಬ್ಬ ಭಜಿಯ ಪ್ಲೇಟು ಹಿಡಿದು ಬೆನ್ನುಹತ್ತಿದ. ಮನೆಗೆ ಓಡಿಬಂದೆ.

ಹೆಂಡತಿ ನೀರು ತುಂಬಿದ ಚರಿಗಿ ಕೈಗಿಟ್ಟಳು. "ಇದನ್ನ ಹಿಡಕೊಂಡು ನಡೀರಿ. ಬಯಲಕಡಿಗೆ ಹೊಂಟಾಂವನ್ನ ಯಾರ ನಿಲ್ಲಸ್ತಾರ?"

ಹೌದಲ್ಲ! ಕೋಟೆಗೆ ಏಳು ಸುತ್ತು ಹಾಕಿದೆ. ಭಜಿ ಗೆಳೆಯನೂ ಮುಖ ತಿರುವಿದ. ನಡುನಡುವೆ ಚರಿಗಿ ತನ್ನ ಅಸಲಿ ಕೆಲಸವನ್ನೂ ಮಾಡಿತೆನ್ನಿ.

ಮರುದಿನ ಅದೇ ಚರಿಗಿ ಹಿಡಿದು, ತುಂಬಿ ತುಳುಕುವ ಬಸ್ಸು ಹತ್ತಿದೆ. ಮೂರು ಮಂದಿಯ ಸೀಟು ನನ್ನೊಬ್ಬನಿಗೇ ಖಾಲಿಯಾಯಿತು. ಕಂಡಕ್ಟರು "ಕಾಕಾ, ಜರಾ ತಡಕೋರಿ" ಎಂದು ಕೈಮುಗಿದು ಡ್ರೈವರನಿಗೆ ಕೂಗಿದ: "ಎಲ್ಲೂ ನಿಲ್ಲಸಬ್ಯಾಡೋ!" ಆ ಬಸ್ಸು ಹುಮನಾಬಾದನ್ನು ಹೊತ್ತಿಗೆ ಮೊದಲೇ ಮುಟ್ಟಿದ್ದು ಅದೇ ಮೊದಲ ಸಲ.

ಡಾಕ್ಟರು ದುರ್ಬೀನಿನಿಂದ ಕಣ್ಣು ತೆಗೆದು, "ಯಜಮಾನ್ರೆ, ಒಳಗ ಕನ್ನಡಿ ಹಂಗ ಅದ. ರೋಗ ಏನೂ ಇಲ್ಲ" ಎಂದರು. ನಾನು ಮೂಲೆಯಲ್ಲಿಟ್ಟಿದ್ದ ಚರಿಗಿ ಎತ್ತಿಕೊಂಡು ಊರಿನ ಬಸ್ಸಿಗೆ ಹೊರಟೆ.

ಆಮೇಲೆ ಹೊಟ್ಟೆ ಎಂದೂ ನೋಯಲಿಲ್ಲ. ಆದರೆ ಬಸ್ಸಿಗೆ ಹೊರಟಾಗ ಚರಿಗಿ ಮಾತ್ರ ಇಂದಿಗೂ ಬಿಟ್ಟಿಲ್ಲ.