ಎಲೆಯ ಬೆನ್ನು ಓದುವ ಕೊಟ್ರಮ್ಮ

ಆಂಧ್ರದ ಗಡಿಯ ಪೆದ್ದಹರಿವಾಣಂ ಊರಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾಮಲಕ್ಷ್ಮಿಯ ಹಿತ್ತಲಲ್ಲಿ ಕೊಟ್ರಮ್ಮ ಟೊಮೇಟೊ ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತು, ತುದಿಯ ಎಲೆಯೊಂದನ್ನು ತಿರುವಿ ಕಣ್ಣಿನ ಹತ್ತಿರ ಹಿಡಿದಿದ್ದಾರೆ. ಅವರು ನೋಡಿ ಮುಗಿಸುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ರೋಗದ ಹೆಸರು ಮೊದಲೇ ಕಿವಿಗೆ ಬಿದ್ದರೆ ಕಣ್ಣು ಅದನ್ನೇ ಹುಡುಕುತ್ತದೆ ಎಂಬುದು ಅವರ ಕಟ್ಟುನಿಟ್ಟು.

ಹದಿನಾಲ್ಕು ಗಿಡಗಳ ಚಿಗುರೂ ದಾರದಂತೆ ಸಣ್ಣಗಾಗಿ ಹೊಸೆದುಕೊಂಡಿದೆ. ರಾಮಲಕ್ಷ್ಮಿಯ ಗಂಡ ನಾಗೇಶ ಕಿತ್ತೆಸೆಯಲು ತಯಾರಾಗಿ ನಿಂತಿದ್ದಾನೆ. ಆದರೆ ಇವು ರಾಮಲಕ್ಷ್ಮಿ ತವರಿನಿಂದ ತಂದ ಬೀಜದ ಗಿಡಗಳು. ಬೀಜ ಕೊಟ್ಟ ತಾಯಿ ಈಗಿಲ್ಲ, ಬೀಜದ ಡಬ್ಬಿಯೂ ಬರಿದಾಗಿದೆ. ಇವು ಹೋದರೆ ಆ ತಳಿ ಹೋದಂತೆಯೇ.

ಊರಿನ ಕಿರಿಯರೆಲ್ಲ ಅತ್ತಿ ಎಂದು ಕರೆಯುವ ಐವತ್ತಾರರ ಕೊಟ್ರಮ್ಮ ಹತ್ತಿ ಬಿಡಿಸುವ ಕೂಲಿ. ಓದಿದ್ದು ಮೂರನೇ ತರಗತಿ, ಅದೂ ತೆಲುಗಿನಲ್ಲಿ. ಮೂವತ್ತು ವರ್ಷ ಹತ್ತಿ ಗಿಡದಲ್ಲಿ ಬಿಳಿನೊಣ, ನುಸಿ ನೋಡಿ ನೋಡಿಯೇ ಕಣ್ಣು ಪಳಗಿದೆ. ಮಂಡಿ ನೋವು ಜೀವ ತಿಂದರೂ ಕೂಲಿಗೆ ಹೊರಡುವ ಮೊದಲು ದಿನಕ್ಕೆ ನಾಲ್ಕೈದು ಹಿತ್ತಲು ಸುತ್ತುತ್ತಾರೆ. ಯಾರಾದರೂ ಕೊಟ್ಟರೆ ಒಂದು ಹಿಡಿ ಪುಂಡಿಸೊಪ್ಪು, ಇಲ್ಲದಿದ್ದರೆ ಒಂದು ಲೋಟ ಚಹಾ. "ಎಲಿ ಡಾಕ್ಟ್ರಮ್ಮ ಬಂದ್ಲು" ಎಂದು ಕಟ್ಟೆಯ ಮೇಲೆ ಕುಳಿತು ನಗುವವರ ಮನೆಯಿಂದಲೇ ಮರುದಿನ ಕರೆ ಬರುತ್ತದೆ.

"ಕೆಳಗಿನೆಲಿ ಹಳದಿಯಾದ್ರ ಗಿಡದ ಹೊಟ್ಟಿ ಹಸಿದೈತಿ ಅಂತ. ಬೆನ್ನಾಗ ಜೇಡರ ಬಲಿ ಹಂಗ ಕಂಡ್ರ ನುಸಿ. ಗಿಡಕ್ಕ ಬಾಯಿ ಇಲ್ಲ ನೋಡ್ರಿ, ಎಲಿನ ಹೇಳಬೇಕು" ಎನ್ನುತ್ತಾರೆ ಕೊಟ್ರಮ್ಮ.

ಇವತ್ತು ಎಲೆಯ ಬೆನ್ನಿನಲ್ಲಿ ಒಂದು ಹುಳವೂ ಇಲ್ಲ.

"ಮುದುರು ರೋಗ ಅಲ್ಲೇನತ್ತಿ? ಕಿತ್ತಬಿಡ್ತೀನಿ" ಎನ್ನುತ್ತಾನೆ ನಾಗೇಶ.

"ತಡಿಯಪ್ಪ ಸ್ವಲ್ಪ." ಕೊಟ್ರಮ್ಮ ಪಕ್ಕದ ಚವಳಿಕಾಯಿ ಗಿಡಕ್ಕೆ ಸರಿಯುತ್ತಾರೆ. ಅಲ್ಲೂ ಅದೇ ಹೊಸೆತ. "ಟೊಮೇಟೊಕ್ಕ, ಚವಳಿಗೆ ಒಂದ ರೋಗ ಒಂದ ದಿನ ಬರಂಗಿಲ್ಲ. ಬೇವಿನೆಣ್ಣಿ ಯಾವುದ್ರಾಗ ಹೊಡದಿ?"

"ಹೊಲಕ್ಕ ಔಷಧಿ ಹೊಡಿಯೋ ಟ್ಯಾಂಕಿನಾಗ. ತೊಳದಿದ್ದೆ ಅತ್ತಿ."

"ಅದ್ರಾಗ ಮೊದಲ ಏನ್ ಹಾಕಿದ್ದಿ?"

"ಜೋಳದ ಹೊಲಕ್ಕ ಗಡ್ಡಿ ಮಂದು."

ಕಳೆ ಸಾಯಿಸುವ ಔಷಧಿ. ಒಂದು ಸಲ ತೊಳೆದರೆ ಹೋಗುವಂಥದ್ದಲ್ಲ, ತಳದಲ್ಲಿ ಉಳಿದ ಚೂರೇ ಟೊಮೇಟೊಕ್ಕೆ ಸಾಕು. ಹನ್ನೆರಡು ದಿನದ ಹಿಂದೆ ಬೇವಿನೆಣ್ಣೆ ಹೊಡೆಯಿರಿ ಎಂದವರು ಸ್ವತಃ ಕೊಟ್ರಮ್ಮ. ಅವರ ಮುಖ ಸಣ್ಣದಾಗುತ್ತದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ತಪ್ಪು ನಂದವ್ವ ರಾಮಲಕ್ಷ್ಮಿ. ಎಣ್ಣಿ ಹೇಳಿದೆ, ಯಾವ ಟ್ಯಾಂಕ್ ಅಂತ ಕೇಳಲಿಲ್ಲ. ಇದು ಅಂಟುರೋಗ ಅಲ್ಲ, ಕೀಳಬ್ಯಾಡ್ರಿ. ಇದಕ್ಕ ಔಷಧಿನೂ ಇಲ್ಲ. ನೀರ್ ಹಾಕಿ ಕಾಯೂಣು. ಆದ್ರ ಈ ಸಲದ ಹಣ್ಣು ಮಾತ್ರ ಯಾರೂ ತಿನ್ನಬ್ಯಾಡ್ರಿ."

ಅಂದಿನಿಂದ ದಿನದ ಮೊದಲ ಹಿತ್ತಲು ಇದೇ. ಐದು ಗಿಡ ಒಣಗಿದವು. ಹದಿನೆಂಟನೇ ದಿನ ಒಂಬತ್ತು ಗಿಡಗಳಲ್ಲಿ ಅಗಲವಾದ, ನೆಟ್ಟಗಿನ ಎಲೆ ಬಂತು. ಅಷ್ಟರಲ್ಲಿ ಕೊಟ್ರಮ್ಮ ಮೂವತ್ತೊಂದು ಮನೆಗಳಲ್ಲಿ ಹಿತ್ತಲಿಗೆ ಸಿಂಪಡಿಸಲೆಂದೇ ಬೇರೆ ಡಬ್ಬಿ ಇರಿಸಿ, ಗುರುತಿಗೆ ಅದಕ್ಕೆ ಸುಣ್ಣದ ಪಟ್ಟಿ ಬಳಿಸಿದ್ದಾರೆ. ಹೋದ ಮನೆಯಲ್ಲೆಲ್ಲ ತಮ್ಮ ತಪ್ಪಿನ ಕಥೆಯನ್ನೇ ಮೊದಲು ಹೇಳುತ್ತಾರೆ.

ಎರಡು ತಿಂಗಳ ಮೇಲೆ ರಾಮಲಕ್ಷ್ಮಿ ಹಣ್ಣು ಹಿಸುಕಿ, ಬೂದಿಯಲ್ಲಿ ಬೀಜ ಒಣಗಿಸಿದ್ದಾಳೆ. ಅರ್ಧ ತನಗೆ, ಇನ್ನರ್ಧ ಕೊಟ್ರಮ್ಮನಿಗೆ.

"ನಮ್ಮನಿಯಾಗ ಮತ್ತ ಏನರ ಆದ್ರ ನಿಮ್ಮತ್ರ ಇರ್ತೈತಲ್ಲತ್ತಿ" ಎನ್ನುತ್ತಾಳೆ.

ಕೊಟ್ರಮ್ಮ ಆ ಬೀಜವನ್ನು ಸೆರಗಿನ ತುದಿಯಲ್ಲಿ ಎರಡು ಗಂಟು ಹಾಕಿ ಕಟ್ಟಿಕೊಂಡಿದ್ದಾರೆ.

"ಗಿಡ ಕೆಡಿಸಿದ ನನ್ನ ಕೈಯಾಗ ಬೀಜ ಇಟ್ಟಾಳ್ರಿ. ಇನ್ನ ನಾ ತಪ್ಪಂಗಿಲ್ಲ."