ನಾಲ್ಕು ಟೈರಿನ ಉಪಕಾರ

ಕುಡಿದು ಕೆಟ್ಟವರು, ಜೂಜಾಡಿ ಕೆಟ್ಟವರು ಅಲಬಾಮಾದ ಆ ಊರಲ್ಲಿ ಬೇಕಾದಷ್ಟು ಜನರಿದ್ದರು. ‘ಥ್ಯಾಂಕ್ಸ್’ ಅಂದು ಕೆಟ್ಟವನು ತಾನೊಬ್ಬನೇ ಎಂದು ತವಾರಿಸ್ ಪೆಟ್‌ವೇ, ಸ್ಟ್ರೌಡರ ಟೈರ್ ಅಂಗಡಿಯಲ್ಲಿ ಚಕ್ರ ಬಿಚ್ಚುತ್ತ ಹೇಳಿಕೊಳ್ಳುತ್ತಿದ್ದ. ಗಿರಾಕಿಗಳು ನಗುವ ಮೊದಲು ತಾನೇ ನಕ್ಕುಬಿಡುವಷ್ಟು ಜಾಣತನ ಅವನ ತಲೆಯಲ್ಲಿತ್ತು, ಉಳಿದದ್ದೆಲ್ಲ ಕಾಲಿನಲ್ಲಿತ್ತು.

ಆ ಕಾಲು ಒಂದು ಕಾಲಕ್ಕೆ ಕಾಲೇಜಿನ ಆಸ್ತಿ. ಅಮೆರಿಕನ್ ಫುಟ್‌ಬಾಲಿನ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಅವನು ನುಗ್ಗಿದರೆ ಶನಿವಾರದ ಕ್ರೀಡಾಂಗಣ ಕಿತ್ತುಹೋಗುವಂತೆ ಕೂಗುತ್ತಿತ್ತು. ಟಿಕೆಟ್ ದುಡ್ಡು, ಟೀವಿ ದುಡ್ಡು ಕಾಲೇಜಿಗೆ; ಕೋಚ್‌ಗೆ ಕೆರೆ ದಂಡೆಯ ಬಂಗಲೆ. ಆಟಗಾರನಿಗೆ ಫೀಸು, ಹಾಸಿಗೆ, ಊಟ. ಅದರಾಚೆ ಅವನಿಗಾಗಲಿ ಮನೆಯವರಿಗಾಗಲಿ ಯಾರಿಂದ ಏನು ಮುಟ್ಟಿದರೂ ತಂಡದಿಂದ ಹೊರಗೆ. “ನೀವು ವಿದ್ಯಾರ್ಥಿಗಳು ಕಣ್ರೋ, ಕೂಲಿಯವರಲ್ಲ,” ಅನ್ನುತ್ತಿದ್ದರು ಕೋಚ್. ಕ್ಲಾಸಿಗೆ ಹೊರಟವನನ್ನು ಅಭ್ಯಾಸಕ್ಕೆ ಎಳೆತರುವಾಗ ಮಾತ್ರ ಅವರಿಗದು ಮರೆತುಹೋಗುತ್ತಿತ್ತು.

ತವಾರಿಸ್‌ಗೆ ಇದ್ದದ್ದು ಒಂದೇ ಆಸೆ: ತನ್ನ ಆಟವನ್ನು ಅಮ್ಮ ಒಮ್ಮೆ ಬಂದು ನೋಡಬೇಕು. ಕೋಳಿ ಕಾರ್ಖಾನೆಯಲ್ಲಿ ದುಡಿಯುವ ತಾಯಿ ಅರ್ನೆಸ್ಟೀನ್‌ಳ ಊರು ದೂರ; ಕಾರಿನ ಟೈರುಗಳೋ ಸವೆದು ಬೋಳುತಲೆಯಂತಾಗಿದ್ದವು. ಪಂದ್ಯ ಮುಗಿದ ಒಂದು ಸಂಜೆ, ಪಾರ್ಕಿಂಗ್ ಮೈದಾನದಲ್ಲಿ ಅಭಿಮಾನಿಗಳ ಔತಣಕ್ಕೆ ಮಾಂಸ ಸುಡುತ್ತಿದ್ದ ಸ್ಟ್ರೌಡರ ಮುಂದೆ ಅವನು ಇದನ್ನು ಆಡಿಬಿಟ್ಟ.

“ಟೈರಿಗೆ ಅಳೋದೇನೋ? ನಾಳೇನೇ ಅವರ ಮನೆಗೆ ಕಳಿಸ್ತೀನಿ. ಬಾಯಿ ಮಾತ್ರ ಬಿಡ್ಬೇಡ ಮಗಾ.”

ಬಾಯಿ ಬಿಡದೆ ಇರಲು ಅವನಿಗೆ ಕಲಿಸಿದವರಾರು? ಅಜ್ಜಿ ಕರೆದೊಯ್ಯುತ್ತಿದ್ದ ಚರ್ಚಿನಲ್ಲಿ ಭಾನುವಾರ ಎದ್ದು ನಿಂತು, ಉಪಕಾರ ಮಾಡಿದವರನ್ನು ಹೆಸರು ಹಿಡಿದು ನೆನೆಯಬೇಕಿತ್ತು. ಹೆಸರು ನುಂಗಿದರೆ ನಾಲಿಗೆಗೆ ಹುಳ ಬೀಳುತ್ತದೆಂದು ಅಜ್ಜಿ ಹೆದರಿಸಿದ್ದಳು. ಮುಂದಿನ ಪಂದ್ಯ ಗೆದ್ದಾಗ ಟೀವಿಯವರು ಮೈಕು ಹಿಡಿದದ್ದೇ ತಡ, ಅವನು ಚರ್ಚಿನಲ್ಲಿದ್ದಂತೆ ಶುರುಮಾಡಿದ: “ಮೊದ್ಲು ದೇವರಿಗೆ ಥ್ಯಾಂಕ್ಸ್. ಆಮೇಲೆ ಮಿಸ್ಟರ್ ಸ್ಟ್ರೌಡ್‌ಗೆ. ಅಮ್ಮನ ಕಾರಿಗೆ ನಾಲ್ಕೂ ಟೈರ್ ಹಾಕಿಸ್ಕೊಟ್ರು. ಮುಂದಿನ ಶನಿವಾರ ಅಮ್ಮ ಬರ್ತಿದಾಳೆ!”

ಸೋಮವಾರ ಕೋಚ್ ಕರೆಸಿದರು. “ಯಾಕೋ ಹೇಳ್ದೆ?”

“ಥ್ಯಾಂಕ್ಸ್ ಹೇಳ್ಬಾರ್ದಾ ಕೋಚ್?”

“ದೇವರ ಹತ್ರಾನೇ ನಿಲ್ಲಿಸೋಕೆ ಏನಾಗಿತ್ತು ನಿಂಗೆ? ದೇವರು ಟೈರ್ ಮಾರಲ್ಲ!”

ಅಂದಿಗೆ ಅವನ ಆಟ ಮುಗಿಯಿತು. ಅವನು ಆಡಿ ಗೆದ್ದ ಪಂದ್ಯವನ್ನೂ ದಾಖಲೆಯಿಂದ ಅಳಿಸಿಹಾಕಿದರು.

ಶನಿವಾರ ಅಮ್ಮ ಬಂದೇ ಬಂದಳು, ಹೊಸ ಟೈರಿನ ಮೇಲೆ. ಅವನು ಅವಳ ಪಕ್ಕದಲ್ಲೇ, ಪ್ರೇಕ್ಷಕರ ನಡುವೆ ಕೂತಿದ್ದ. ಕಾಲೇಜಿನ ಅಂಗಡಿಯಲ್ಲಿ ಅವಳು ಮೂವತ್ತನಾಲ್ಕು ನಂಬರಿನ ಅಂಗಿ ಕೊಂಡು ತೊಟ್ಟಿದ್ದಳು.

“ನಿನ್ ನಂಬರೇ ಕಣೋ. ಇದ್ರ ದುಡ್ಡಲ್ಲಿ ನಿಂಗೇನಾದ್ರೂ ಬರತ್ತಾ?”

“ನಿನ್ ಬೆನ್ನು ಬೆಚ್ಚಗಿರತ್ತಲ್ಲಮ್ಮ, ಅದೇ.”

ಅವಳು ನಗಲಿಲ್ಲ. “ಬಸ್ಸಿಗೆ ಬರ್ಬೇಕಿತ್ತು ನಾನು,” ಅಂದಳು, ಮೈದಾನದಿಂದ ಕಣ್ಣು ಕೀಳದೆ. ಅವನ ಜಾಗದಲ್ಲಿ ಬೇರೊಬ್ಬ ಓಡುತ್ತಿದ್ದ.

ಮರುವರ್ಷ ಕಾಲೇಜು ಅವನ ಫೀಸು ಕಟ್ಟಲಿಲ್ಲ. ಸ್ಟ್ರೌಡ್ ಮನಸ್ಸಿಗೆ ಚುಚ್ಚಿದ್ದಕ್ಕೋ ಏನೋ, ಗಂಟೆ ಲೆಕ್ಕದ ಕೆಲಸ ಕೊಟ್ಟರು.

ಈಗ ಕಾನೂನು ಬದಲಾಗಿದೆ. ಆಟಗಾರರು ಜಾಹೀರಾತಿಗೆ ರಾಜಾರೋಷವಾಗಿ ದುಡ್ಡು ತೆಗೆದುಕೊಳ್ಳಬಹುದು. ಮೊನ್ನೆ ಕಾಲೇಜಿನ ಹೊಸ ಹೀರೋನನ್ನು ಸ್ಟ್ರೌಡ್ ಅಂಗಡಿಗೇ ಕರೆಸಿದರು. ಹೆದ್ದಾರಿಯ ಜಾಹೀರಾತು ಫಲಕಕ್ಕೆ ಅವನ ಫೋಟೋ ಬೇಕಿತ್ತು. ತವಾರಿಸ್ ಹೊಸ ಟೈರೊಂದನ್ನು ಒರೆಸಿ ಅವನ ಕೈಗಿತ್ತ.

“ಥ್ಯಾಂಕ್ಸ್ ಅಣ್ಣಾ.”

“ಮೆಲ್ಲಗೆ ಹೇಳಪ್ಪಾ. ಯಾರಾದ್ರೂ ಕೇಳಿಸ್ಕೊಂಡಾರು.”

ಹುಡುಗನಿಗೆ ಅರ್ಥವಾಗಲಿಲ್ಲ. ಅರ್ಥಮಾಡಿಕೊಂಡ ಸ್ಟ್ರೌಡ್ ಗೋಡೆಯ ಗಡಿಯಾರ ನೋಡತೊಡಗಿದರು. ಫೋಟೋದವನು ಕ್ಯಾಮೆರಾದಿಂದ ತಲೆಯೆತ್ತಿ ಕೈಬೀಸಿದ:

“ನೀವು ಒಂಚೂರು ಪಕ್ಕಕ್ಕೆ ಬನ್ನಿ ಸರ್. ಫೋಟೋದಲ್ಲಿ ಬೀಳ್ತಿದೀರ.”

ತವಾರಿಸ್ ಪಕ್ಕಕ್ಕೆ ಸರಿದ.